ಸಿನಿಮಾ ಆಧರಿಸಿದ ಮತ್ತು ಸೂಪರ್‌ಹೀರೋ ವಿಡಿಯೋ ಗೇಮ್‌ಗಳು ಯಾಕೆ ಇಷ್ಟೊಂದು ನಿರಾಸೆ ಮಾಡುತ್ತವೆ?

ಮೊದಲ ಕಾರಣ ತಾರೀಖು. ಸಿನಿಮಾ ಬಿಡುಗಡೆಯ ದಿನ ನಿಗದಿಯಾಗಿರುತ್ತದೆ. ಗೇಮ್ ಅರೆಬೆಂದಿದ್ದರೂ ಅದೇ ಹೊತ್ತಿಗೆ ಅಂಗಡಿಗೆ ಬರಬೇಕು. 1982ರಲ್ಲಿ ಅಟಾರಿ ಕಂಪನಿ ‘ಇ.ಟಿ.’ ಸಿನಿಮಾದ ಗೇಮನ್ನು ಕ್ರಿಸ್‌ಮಸ್ ವ್ಯಾಪಾರಕ್ಕೆಂದು ಸುಮಾರು 5 ವಾರದಲ್ಲಿ ಮಾಡಿಸಿತು. ಆಡುವವರು ಗುಂಡಿಗೆ ಬೀಳುವುದು, ಏಳುವುದು, ಮತ್ತೆ ಬೀಳುವುದು, ಇಷ್ಟೇ ಆಯಿತು. ಮಾರಾಟವಾಗದೆ ಉಳಿದ ಕಾರ್ಟ್ರಿಜ್‌ಗಳಲ್ಲಿ (ಗೇಮ್ ತುಂಬಿದ ಡಬ್ಬಿಗಳಲ್ಲಿ) ಎಷ್ಟೋ ನ್ಯೂ ಮೆಕ್ಸಿಕೋದ ಕಸದ ಗುಂಡಿ ಸೇರಿದವು. ಆದರೆ ಜೇಮ್ಸ್ ಬಾಂಡ್ ಸಿನಿಮಾದ ಗೇಮ್ ‘ಗೋಲ್ಡನ್‌ಐ 007’ ಗೆದ್ದಿತು; ಅದು ಬಂದದ್ದು ಸಿನಿಮಾ ಬಂದ 2 ವರ್ಷದ ಮೇಲೆ, 1997ರಲ್ಲಿ. ತಡವಾಗಿದ್ದೇ ಅದರ ಪುಣ್ಯ.

ಸೂಪರ್‌ಹೀರೋಗಳದ್ದು ಬೇರೆಯೇ ತಾಪತ್ರಯ. ಸೋಲುವ ಭಯವಿಲ್ಲದಿದ್ದರೆ ಆಟವೇ ಇಲ್ಲ. ಸೂಪರ್‌ಮ್ಯಾನ್‌ಗೆ ಗುಂಡೇ ತಾಗುವುದಿಲ್ಲವಲ್ಲ! ನಿಂಟೆಂಡೊ 64 ಎಂಬ ಗೇಮ್ ಯಂತ್ರಕ್ಕೆ 1999ರಲ್ಲಿ ಬಂದ ಗೇಮಿನಲ್ಲಿ ಅವನನ್ನು ಮಬ್ಬು ಮಂಜಿನಲ್ಲಿ ಬಳೆಗಳೊಳಗೆ ಹಾರಿಸಿದರು. ಆಗುಂಬೆಯ ಮಂಜಾದರೂ ಚೆಂದ, ಇದು ದೂರದ ಕಟ್ಟಡ ತೋರಿಸಲಾಗದ್ದನ್ನು ಮುಚ್ಚುವ ಮಂಜು. 2009ರ ‘ಬ್ಯಾಟ್‌ಮ್ಯಾನ್: ಆರ್ಕಮ್ ಅಸೈಲಮ್’ ಗೆದ್ದದ್ದು ಇಲ್ಲಿಯೇ: ಯಾವ ಸಿನಿಮಾಕ್ಕೂ ಕಟ್ಟುಬಿದ್ದಿಲ್ಲ, ಬಂದೂಕಿನೆದುರು ನಾಯಕ ಬೇಗ ಸಾಯುತ್ತಾನೆ, ಹಾಗಾಗಿ ಮರೆಯಲ್ಲಿ ನಿಂತು ಹೊಂಚು ಹಾಕಲೇಬೇಕು.

ಜೊತೆಗೆ ಸಿನಿಮಾ, ಪಾತ್ರಗಳ ಹಕ್ಕುದಾರರ ಒಪ್ಪಿಗೆ ಪಡೆಯುವುದು, ಹಕ್ಕಿನ ಶುಲ್ಕ ಕಟ್ಟುವುದು, ಈ ತಲೆನೋವೂ ಇದೆ.

ತೀರ್ಥಹಳ್ಳಿ, ಹೊಸನಗರದ ಕಡೆಯವರಿಗೆ ಒಂದು ಮಾತು: 10 ಎಂಬಿಪಿಎಸ್ ವೇಗದ ಇಂಟರ್ನೆಟ್ ಲೈನಿನಲ್ಲಿ 75 ಜಿಬಿಯ ಗೇಮ್ ಇಳಿಯಲು ಸುಮಾರು 17 ಗಂಟೆ ಬೇಕು, ಅದೂ ಮಳೆಗೆ ಕರೆಂಟ್ ಹೋಗದಿದ್ದರೆ. ಮೊದಲು ಯೂಟ್ಯೂಬಿನಲ್ಲಿ ಅರ್ಧ ಗಂಟೆ ಆಟ ನೋಡಿ. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆಯಿದ್ದರೆ ದುಡ್ಡು ವಾಪಸ್ ಕೇಳಬಹುದು; ಡೌನ್‌ಲೋಡ್ ಸಮಯ ಆ 2 ಗಂಟೆಗೆ ಸೇರುವುದಿಲ್ಲ.