ಮದುವೆಮನೆಯಲ್ಲಿ ರೇಷ್ಮೆ ಸೀರೆಯ ಮೇಲೆ ಹುಳಿ ಚೆಲ್ಲಿದರೆ ತಕ್ಷಣ ಏನು ಮಾಡಬೇಕು?

ಅಕ್ಕನ ಮದುವೆಗೆ ರೇಷ್ಮೆ ಸೀರೆ ಉಡುತ್ತಿದ್ದೇನೆ, ಕಲೆಯಾದರೆ ಅಲ್ಲೇ ತೆಗೆಯಲು ಕೈಚೀಲದಲ್ಲಿ ಯಾವ ಸ್ಟೇನ್ ರಿಮೂವರ್ ಇಟ್ಟುಕೊಳ್ಳಲಿ ಎಂದು ಕೇಳಿದ್ದೀರಿ. ಯಾವುದೂ ಬೇಡ. ನಿಮ್ಮ ಪ್ರಶ್ನೆಯಲ್ಲಿರುವ ‘ಅಲ್ಲೇ’ ಎಂಬ ಅವಸರವೇ ನನ್ನಿಂದ ಒಂದು ಒಳ್ಳೆಯ ಸೀರೆಯನ್ನು ಕೆಡಿಸಿತು.

ಸೀರೆ ನನ್ನದಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಅದು ನನ್ನ ಓರಗಿತ್ತಿಯದು, ಕೆನೆಬಣ್ಣದ ಮೈಸೂರು ಸಿಲ್ಕ್. ನಾನು ಕೇಳಿರಲೂ ಇಲ್ಲ, ನಿನ್ನ ಮೈಬಣ್ಣಕ್ಕೆ ಒಪ್ಪುತ್ತದೆ ಎಂದು ಅವಳೇ ಬೀರುವಿನಿಂದ ತೆಗೆದು ಕೊಟ್ಟಿದ್ದಳು. ಊಟಕ್ಕೆ ಕುಳಿತಿದ್ದೆವು. ಹುಳಿ ಬಡಿಸುತ್ತಿದ್ದ ಹುಡುಗನಿಗೆ ಹಿಂದಿನಿಂದ ಯಾರದೋ ಮೊಣಕೈ ತಗುಲಿತು, ಸೌಟು ಎಲೆಯನ್ನು ಬಿಟ್ಟು ನನ್ನ ತೊಡೆಯ ಮೇಲೆ ಬಗ್ಗಿತು. ಅಂಗೈಯಗಲದ ಹಳದಿ, ಅದರ ಮೇಲೊಂದು ನುಗ್ಗೆಕಾಯಿ ಹೋಳು.

ಆ ಹೋಳನ್ನು ತೆಗೆದಿಟ್ಟು ಊಟ ಮುಂದುವರಿಸಬಹುದಿತ್ತು. ನಾನು ಅರ್ಧ ಊಟದಲ್ಲಿ ಎದ್ದು ಕೈ ತೊಳೆಯುವ ಜಾಗಕ್ಕೆ ಓಡಿದೆ. ಅಲ್ಲಿ ಬಟ್ಟೆ ಸೋಪಿನ ಚೂರೊಂದು ಬಿದ್ದಿತ್ತು. ನೀರು ಹಾಕಿ ತಿಕ್ಕಿದೆ. ಕಣ್ಣೆದುರೇ ಹಳದಿ ಕಲೆ ಇಟ್ಟಿಗೆಗೆಂಪಾಯಿತು.

ಅರಿಶಿನಕ್ಕೆ ಕ್ಷಾರ ತಗುಲಿದರೆ ಕೆಂಪಾಗುತ್ತದೆ. ಅದೇ ಛತ್ರದಲ್ಲಿ ಬೆಳಿಗ್ಗೆ ವಧೂವರರಿಗೆ ಎತ್ತಿದ ಆರತಿಯ ಕೆಂಪು ನೀರು ಅರಿಶಿನಕ್ಕೆ ಚಿಟಿಕೆ ಸುಣ್ಣ ಕದಡಿದ್ದು, ಕದಡಿದವಳೂ ನಾನೇ. ಸೋಪೂ ಕ್ಷಾರವೇ ಎಂಬುದು ಮಾತ್ರ ಆ ಹೊತ್ತಿಗೆ ಹೊಳೆಯಲಿಲ್ಲ. ಬಣ್ಣ ನೋಡಿ ಕೈಕಾಲು ಬಿಟ್ಟುಹೋಗಿ ಇನ್ನಷ್ಟು ಜೋರಾಗಿ ತಿಕ್ಕಿದೆ. ಅಷ್ಟರಲ್ಲಿ ಯಾರೋ ಹಿರಿಯರು ನಿಂಬೆಹಣ್ಣಿನ ಹೋಳು ತಂದು ಹಿಂಡಿದರು. ನಿಂಬೆಯ ಹುಳಿ ಬಿದ್ದದ್ದೇ ಕೆಂಪು ಇಳಿಯಿತು. ಹೋಯಿತು, ಹೋಯಿತು ಎಂದು ಸುತ್ತ ನಿಂತವರೆಲ್ಲ ಸಂಭ್ರಮಪಟ್ಟರು. ಹೋದದ್ದು ಕೆಂಪು ಮಾತ್ರ, ಹಳದಿ ಇದ್ದಲ್ಲೇ ಇತ್ತು. ಸರಿ, ಮತ್ತೆ ಸೋಪು, ಮತ್ತೆ ಕೆಂಪು.

ಆದರೆ ಸೀರೆ ಹಾಳಾದದ್ದು ಬಣ್ಣದಿಂದಲ್ಲ, ಇದನ್ನು ಬಿಡಿಸಿ ಹೇಳಲೇಬೇಕು. ಡ್ರೈಕ್ಲೀನಿಂಗ್ ಅಂಗಡಿಯವರು ಹಳದಿಯನ್ನು ಬಹುಮಟ್ಟಿಗೆ ತೆಗೆದೇ ಕೊಟ್ಟರು. ಉಳಿದದ್ದು ಬಿಳಿಚಿಕೊಂಡ, ಹೊಳಪಿಲ್ಲದ ಒಂದು ಪಟ್ಟೆ. ರೇಷ್ಮೆಯ ಎಳೆ ಒದ್ದೆಯಾದಾಗ ಒಣಗಿದ್ದಾಗಿನಷ್ಟು ಗಟ್ಟಿಯಾಗಿರುವುದಿಲ್ಲ. ಆಗ ತಿಕ್ಕಿದರೆ ಎಳೆಯ ಮೈ ಸಿಬಿರೆದ್ದು ಬೆಳಕು ಚೆದುರುತ್ತದೆ, ಅಷ್ಟು ಜಾಗ ನರೆತಂತೆ ಕಾಣುತ್ತದೆ. ಸೀರೆಯನ್ನು ದೀಪಕ್ಕೆ ಅಡ್ಡ ಹಿಡಿದು, “ಕಲೆ ನಮ್ಮ ಕೆಲಸ ಮೇಡಂ, ಇದು ಉಜ್ಜಿದ್ದು, ಇದಕ್ಕೆ ನಮ್ಮಲ್ಲಿ ಮದ್ದಿಲ್ಲ” ಎಂದರು. ಓರಗಿತ್ತಿ “ಪರವಾಗಿಲ್ಲ ಬಿಡು” ಎಂದಳು. ಆ ಸೀರೆಯನ್ನು ಅವಳು ಮತ್ತೆ ಉಟ್ಟದ್ದನ್ನು ನಾನು ಕಂಡಿಲ್ಲ. ನನಗೆ ಮತ್ತೊಂದು ಸೀರೆ ಕೊಟ್ಟದ್ದೂ ಇಲ್ಲ.

ಹಾಗಾಗಿ ನಿಮ್ಮ ಸೀರೆಯ ಮೇಲೆ ಏನೇ ಬಿದ್ದರೂ, ಗಟ್ಟಿಯಾದದ್ದನ್ನು ಚಮಚದ ಅಂಚಿನಿಂದ ಎತ್ತಿ ತೆಗೆಯಿರಿ. ಒಣ ಕರವಸ್ತ್ರವನ್ನು ಮೇಲಿನಿಂದ ಒತ್ತಿ, ಎತ್ತಿ, ಮಡಿಕೆ ಬದಲಿಸಿ ಮತ್ತೆ ಒತ್ತಿ. ನೀರು ಸಹ ಬೇಡ, ಬರಿಯ ನೀರಿಗೂ ರೇಷ್ಮೆಯ ಮೇಲೆ ಉಂಗುರ ಮೂಡುತ್ತದೆ. ತುಪ್ಪವೋ ಎಣ್ಣೆಯೋ ಆಗಿದ್ದರೆ ಟಾಲ್ಕಂ ಪೌಡರ್ ಉದುರಿಸಿ, ಸ್ವಲ್ಪ ಹೊತ್ತು ಬಿಟ್ಟು ಕೊಡವಿ. ಆಮೇಲೆ ಕೋಣೆಗೆ ಹೋಗಿ ನೆರಿಗೆ ಬಿಚ್ಚಿ, ಕಲೆ ಒಳಮಡಿಕೆಗೆ ಹೋಗುವಂತೆ ಮತ್ತೆ ಹಿಡಿಯಿರಿ. ಐದೂವರೆ ಮೀಟರ್ ಬಟ್ಟೆಯಲ್ಲಿ ಅಂಗೈಯಗಲ ಬಚ್ಚಿಡಲು ಜಾಗವಿಲ್ಲವೇ? ನನ್ನ ಕಲೆ ಸರಿಯಾಗಿ ನೆರಿಗೆಯ ಪಕ್ಕದಲ್ಲೇ ಇತ್ತು, ಎರಡು ನಿಮಿಷದ ಕೆಲಸ! ಮನೆಗೆ ಬಂದ ಮೇಲೂ ಇಸ್ತ್ರಿ ಹಾಕಬೇಡಿ, ಕಾವಿಗೆ ಕಲೆ ಕಚ್ಚಿಕೊಳ್ಳುತ್ತದೆ. ಡ್ರೈಕ್ಲೀನಿಂಗಿಗೆ ಕೊಡುವಾಗ ಬಿದ್ದದ್ದು ಹುಳಿಯೋ ಕಾಫಿಯೋ ಎಂದು ಬಾಯಿಬಿಟ್ಟು ಹೇಳಿ, ಸಂಕೋಚ ಬೇಡ.

ಹತ್ತಿ ಬಟ್ಟೆಯ ಮಾತು ಬೇರೆ. ಅರಿಶಿನದ ಕಲೆಯನ್ನು ಒಗೆದು ಬಿಸಿಲಿಗೆ ಹರವಿದರೆ ಬಿಸಿಲೇ ಬಣ್ಣವನ್ನು ತಿನ್ನುತ್ತದೆ. ರಕ್ತವಾದರೆ ತಣ್ಣೀರು, ಬಿಸಿನೀರು ಕೂಡದು.

ಕೈಚೀಲದಲ್ಲಿ ಏನಾದರೂ ಇರಲೇಬೇಕೆಂದರೆ ಸೂಜಿ, ಸೀರೆಯ ಬಣ್ಣದ ದಾರ, ಕೆಲವು ಪಿನ್ನುಗಳು. ರವಿಕೆಯ ಹುಕ್ಕು ಕಿತ್ತುಬಂದರೆ ಎರಡು ಹೊಲಿಗೆ ಸಾಕು. ಲಂಗದ ಲಾಡಿ ಒಳಗೆ ಸರಿದುಕೊಂಡರೆ ಅದರ ತುದಿಗೆ ಪಿನ್ನು ಚುಚ್ಚಿ ನೇಫಾದೊಳಗೆ, ಅಂದರೆ ಲಾಡಿ ಹಾಯುವ ಸೊಂಟದ ಮಡಿಕೆಯೊಳಗೆ, ತಳ್ಳಿಕೊಂಡು ಬನ್ನಿ, ಅಷ್ಟು ಸಲೀಸು ಬೇರೊಂದಿಲ್ಲ. ಜಿಪ್ ಕಚ್ಚಿಕೊಂಡರೆ ಮೇಣದಬತ್ತಿ ಸವರಿ. ಭುಜದ ಮೇಲೆ ಸೆರಗಿಗೆ ಪಿನ್ನು ಹಾಕುವಾಗ ಮಾತ್ರ ಎಚ್ಚರ. ಪಿನ್ನಿನ ಸುರುಳಿಯ ಸಂದಿಗೆ ರೇಷ್ಮೆ ಸಿಕ್ಕಿದರೆ ಎಳೆ ಕಿತ್ತು ತೂತಾಗುತ್ತದೆ, ಆದ್ದರಿಂದ ಮೊದಲು ಪಿನ್ನಿಗೆ ಒಂದು ಮಣಿ ಪೋಣಿಸಿ ಸುರುಳಿಯ ತನಕ ಸರಿಸಿಕೊಳ್ಳಿ.

ಸ್ಟೇನ್ ರಿಮೂವರನ್ನು ಈಗಾಗಲೇ ಕೊಂಡಿದ್ದರೆ ಹತ್ತಿ ಜುಬ್ಬ ಹಾಕುವ ಅಣ್ಣನಿಗೋ ಭಾವನಿಗೋ ಕೊಟ್ಟುಬಿಡಿ. ಊಟದ ಹೊತ್ತಿಗೆ ಅವರಿಗೆ ಅದು ಖಂಡಿತ ಬೇಕಾಗುತ್ತದೆ.