ಬಸವಣ್ಣ ಇದ್ದದ್ದು ನಿಜಾನಾ?

ಪ್ರಶ್ನೆ: ನಮ್ಮದು ಲಿಂಗಾಯತ ಮನೆತನ, ದಿನಾ ಲಿಂಗಪೂಜೆ ತಪ್ಪಿಸಿದವಳಲ್ಲ. ಇಂಜಿನಿಯರಿಂಗ್ ಓದುವ ಮಗ ರಜೆಗೆ ಬಂದವನು, "ಬಸವಣ್ಣ ಅಂತ ಒಬ್ಬರು ಇದ್ರು ಅನ್ನೋದಕ್ಕೆ ಪ್ರೂಫ್ ಏನಿದೆ? ಎಲ್ಲಾ ಪುರಾಣದ ಕಥೆ" ಅಂದ. ಬೈದು ಬಾಯಿ ಮುಚ್ಚಿಸಿದೆ. ಈಗ ಪೂಜೆಗೆ ಕೂತರೆ ನನಗೇ ಆ ಪ್ರಶ್ನೆ ಬರುತ್ತಿದೆ. ಏನು ಮಾಡಲಿ?
– ಗದಗದ ಓದುಗರು

ಉತ್ತರ: ಬೈಯಬಾರದಿತ್ತು ತಾಯಿ. ಹುಡುಗ ಕೇಳಿದ್ದು ಒಳ್ಳೆಯ ಪ್ರಶ್ನೆ, ಉತ್ತರವೂ ಇದೆ. ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿ 1260ರ ಶಾಸನ ಸಿಕ್ಕಿದೆ. ಬಾಗೇವಾಡಿಯ ಮಾದಿರಾಜನ ಮಗ ಬಸವರಾಜ ಅಂತ ಊರು, ಅಪ್ಪನ ಹೆಸರು ಸಮೇತ ಅದರಲ್ಲಿ ಕೊರೆದಿದ್ದಾರೆ. ಬಸವಣ್ಣ ಲಿಂಗೈಕ್ಯರಾಗಿ ಆಗ ಹೆಚ್ಚುಕಡಿಮೆ ನೂರು ವರ್ಷ, ಅಷ್ಟೇ. ಭೀಮಕವಿ ಕನ್ನಡದಲ್ಲಿ ಬಸವಪುರಾಣ ಬರೆದದ್ದು 1369ರಲ್ಲಿ. ಪವಾಡಗಳು ಜಾಸ್ತಿ ಇರೋದು ಇಂಥ ಪುರಾಣಗಳಲ್ಲಿ. ನಿಮ್ಮ ಮಗ ಪವಾಡ ನಂಬಲಾಗದೆ ಮನುಷ್ಯನನ್ನೇ ಅಲ್ಲಗಳೆದ, ನೀವು ಮನುಷ್ಯನನ್ನು ಉಳಿಸಿಕೊಳ್ಳಲು ಪವಾಡವನ್ನೂ ಬಿಗಿಯಾಗಿ ಹಿಡಿದುಕೊಂಡಿರಿ. ಎರಡನ್ನೂ ಬೇರೆ ಮಾಡಿ ನೋಡಬಹುದು, ಅಲ್ವಾ?

ವಿಜಯಪುರದ ಫ.ಗು. ಹಳಕಟ್ಟಿಯವರು ಮಾಡಿದ್ದು ಇಂಥದ್ದೇ ಕೆಲಸ. ವೃತ್ತಿಯಲ್ಲಿ ವಕೀಲರು, ಸಾಕ್ಷಿ ಇಲ್ಲದೆ ಮಾತಾಡಿ ಗೊತ್ತಿಲ್ಲ! ಊರೂರು ತಿರುಗಿ ವಚನಗಳ ತಾಳೆಗರಿ ಕಲೆಹಾಕಿ 1923ರಲ್ಲಿ ವಚನಶಾಸ್ತ್ರಸಾರ ಅನ್ನೋ ವಚನಗಳ ಪುಸ್ತಕ ಅಚ್ಚು ಹಾಕಿಸಿದರು. ಪ್ರೆಸ್ಸಿಗಾಗಿ ಮನೆ ಮಾರಿದರು. ಇಷ್ಟೆಲ್ಲ ಹುಡುಕಿದ ಮೇಲೂ ಅವರ ಭಕ್ತಿ ಎಳ್ಳಷ್ಟೂ ಕಮ್ಮಿಯಾಗಲಿಲ್ಲ.

ನಮ್ಮ ಮನೆಯಲ್ಲೂ ಒಂದು ತಾಳೆಗರಿ ಕಟ್ಟು ಇತ್ತು. ಕೆಂಪು ಬಟ್ಟೆ ಸುತ್ತಿ ಜಗುಲಿ ಮೇಲೆ ಇಟ್ಟು, ಅಜ್ಜಿ ಅದಕ್ಕೆ ದಿನಾ ವಿಭೂತಿ ಹಚ್ಚುತ್ತಿದ್ದಳು. ಬಿಚ್ಚಿದವರೇ ಇಲ್ಲ. ಅಜ್ಜಿ ಹೋದ ಮೇಲೆ ಓದಬಲ್ಲವರ ಹತ್ತಿರ ಒಯ್ದೆ. ಅವರು ಗರಿಗೆ ಮಸಿ ಸವರಿ ಒರೆಸಿದಾಗ ಖಾಲಿ ಕಂಡಿದ್ದ ಕಡೆ ಒಂದೊಂದೇ ಅಕ್ಷರ ಎದ್ದು ಬಂತು. ಹತ್ತಾರು ವಚನ, ನಡುವೆ ಎತ್ತಿನ ಹೊಟ್ಟೆಯುಬ್ಬರಕ್ಕೆ ಮದ್ದು! ನಗು ಬಂತು. ಆದರೆ ಅಲ್ಲಿತನಕ ನಾವು ಕೈ ಮುಗಿದಿದ್ದು ಬರೀ ಬಟ್ಟೆಗೆ.

ಒಂದು ಮಾತು, ನೀವು ಯಾಕೆ ಪೂಜೆ ಮಾಡಬೇಕು ಅನ್ನೋದನ್ನು ಯಾವ ಶಾಸನವೂ ಹೇಳಲ್ಲ. ಅದು ನಿಮಗೇ ಗೊತ್ತಿರಬೇಕು. ಸದ್ಯಕ್ಕೆ ಮಗನ ಜೊತೆ ಕೂತು ದಿನಕ್ಕೆ ನಾಲ್ಕು ವಚನ ಓದಿ. "ಕೂಡಲಸಂಗಮದೇವ ಅಂತ ಅಂಕಿತ ಇದ್ದದ್ದೆಲ್ಲ ಬಸವಣ್ಣನದೇನಾ?" ಅಂತ ಅವನು ಕೇಳೇ ಕೇಳುತ್ತಾನೆ. ವಿದ್ವಾಂಸರೂ ಇದನ್ನೇ ಕೇಳಿದ್ದಾರೆ, ಈ ಸಲ ಬೈಯಬೇಡಿ.