ರಂಗೂನ್ ಬಳ್ಳಿ ಸೊಂಪಾಗಿ ಹಬ್ಬುತ್ತದೆ, ಹೂ ಮಾತ್ರ ಬಿಡುವುದಿಲ್ಲ. ಏಕೆ?

ಹೆಚ್ಚಾಗಿ ಎರಡೇ ಕಾರಣ: ಬಿಸಿಲು ಸಾಲದು, ಇಲ್ಲವೇ ಸಾರಜನಕದ ಗೊಬ್ಬರ ಅತಿಯಾಗಿದೆ. ಸಾರಜನಕ ಎಲೆ, ಕುಡಿಗಳನ್ನು ಬೆಳೆಸುವ ಪೋಷಕಾಂಶ. ಅದು ಧಾರಾಳವಾಗಿ ಸಿಕ್ಕರೆ ಬಳ್ಳಿ ಹಬ್ಬುವುದರಲ್ಲೇ ಮೈಮರೆಯುತ್ತದೆ. ಯೂರಿಯಾ ನಿಲ್ಲಿಸಿ, ದಿನಕ್ಕೆ ಐದಾರು ಗಂಟೆಯಾದರೂ ನೇರ ಬಿಸಿಲು ಬೀಳುವಂತೆ ನೋಡಿಕೊಳ್ಳಿ.

ಕತ್ತರಿ ಹಿಡಿಯುವ ಹೊತ್ತೂ ಮುಖ್ಯ. ಹೂಗೊಂಚಲು ಬರುವುದು ಹೊಸ ಚಿಗುರಿನಲ್ಲಿ. ಆದ್ದರಿಂದ ಹೂವಿನ ಕಾಲ ಮುಗಿದ ಕೂಡಲೇ ಧೈರ್ಯವಾಗಿ ಸವರಿ. ಆಮೇಲೂ ಅಂದಕ್ಕೆಂದು ತುದಿ ಚಿವುಟುತ್ತಲೇ ಇದ್ದರೆ ಬರಲಿರುವ ಮೊಗ್ಗುಗಳನ್ನೇ ಕಳೆದುಕೊಳ್ಳುತ್ತೀರಿ. ಬುಡದ ಸುತ್ತ ಬೇರಿನಿಂದ ಏಳುವ ಮರಿಗಳನ್ನು ಮಾತ್ರ ಕಂಡಾಗಲೆಲ್ಲ ಕಿತ್ತುಬಿಡಿ, ಇಲ್ಲದಿದ್ದರೆ ಪಕ್ಕದ ಗಿಡಗಳ ಜಾಗವನ್ನೂ ಅದು ನುಂಗುತ್ತದೆ. ಅಂದಹಾಗೆ, ಸಂಜೆ ಬಿಳಿಯಾಗಿ ಅರಳಿದ ಹೂ ಮರುದಿನ ಗುಲಾಬಿಯಾಗಿ, ಬಳಿಕ ಕೆಂಪಾದರೆ ರೋಗವೆಂದು ಗಾಬರಿಯಾಗಬೇಡಿ.